ವರಮಾನ ತೆರಿಗೆಯ ಲೆಕ್ಕವೂ ವಿರಾಜಪೇಟೆಯ ಸ್ವಯಂಸೇವೆಯೂ

ಜುಲೈ ತಿಂಗಳು ಬಂತೆಂದರೆ ವಿರಾಜಪೇಟೆಯ ಸೀಮೆಗೆ ಎರಡು ಸಂಗತಿಗಳು ಒಟ್ಟಿಗೆ ಬರುವುವು. ಒಂದು, ಕಕ್ಕಡ ಮಾಸದ ಬಿಡದ ಮಳೆ. ಇನ್ನೊಂದು, ವರಮಾನ ತೆರಿಗೆಯ ಲೆಕ್ಕವನ್ನು ಸರಕಾರಕ್ಕೆ ಒಪ್ಪಿಸತಕ್ಕ ಗಡುವು. ಮೊದಲನೆಯದನ್ನು ಎದುರಿಸುವುದಕ್ಕೆ ಕೊಡಗಿನ ಜನರು ತಲೆಮಾರುಗಳಿಂದ ಕಲಿತಿರುವರು. ಎರಡನೆಯದರ ಮುಂದೆ ಮಾತ್ರ ವಿದ್ಯಾವಂತರಾದವರೂ ದಿಕ್ಕುಗೆಟ್ಟು ನಿಲ್ಲುವುದನ್ನು ನಾವು ಕಾಣುತ್ತಿರುವೆವು. ‘ರಿಟರ್ನು’ ಎಂದು ರೂಢಿಯಲ್ಲಿ ಕರೆಯಲ್ಪಡುವ ಈ ವಿವರಪಟ್ಟಿಯನ್ನು ತುಂಬುವುದಕ್ಕೆ ಬೇಕಾದ 16ನೆಯ ನಮೂನೆಯು ಜೂನ್ ಮಧ್ಯದ ಹೊತ್ತಿಗೆ ಕೈಗೆ ಬರುವುದು. ವಾಡಿಕೆಯ ಕೊನೆಯ ದಿನ ಜುಲೈ 31. ಗದ್ದೆಯಲ್ಲಿ ನಾಟಿ, ದಾರಿಯಲ್ಲಿ ಬಿದ್ದ ಮರ, ಮನೆಯಲ್ಲಿ ಇಲ್ಲದ ವಿದ್ಯುತ್ತು, ಇವುಗಳ ನಡುವಿನ ಆರು ವಾರಗಳೇ ಕೊಡಗಿನವರ ಪಾಲಿಗೆ ಲೆಕ್ಕ ಬರೆಯುವ ಕಾಲವಾಗಿದೆ. 2025ರಲ್ಲಿ ಗಡುವನ್ನು ಸೆಪ್ಟೆಂಬರ್ 15ಕ್ಕೂ ಅಲ್ಲಿಂದ ಇನ್ನೊಂದು ದಿನಕ್ಕೂ ಮುಂದೂಡಿದುದು ನಿಜ. ಆದರೆ ಗಡುವು ಮುಂದೆ ಹೋದ ಮಾತ್ರಕ್ಕೆ ತಿಳಿವಳಿಕೆ ತಾನಾಗಿ ಬರಲಾರದು.

ಕೊಡಗು ಕೃಷಿಕರ ನಾಡು. ಕೃಷಿಯ ವರಮಾನಕ್ಕೆ ಕೇಂದ್ರದ ತೆರಿಗೆಯಿಲ್ಲ. ಹೀಗಿರಲು ವರಮಾನ ತೆರಿಗೆಯ ಮಾತು ಇಲ್ಲೇಕೆ ಎಂದು ಕೆಲವರು ಕೇಳಬಹುದು. ರಾಜ್ಯಾಂಗದ ಏಳನೆಯ ಅನುಸೂಚಿಯು ಕೃಷಿ ವರಮಾನವನ್ನು ಹೊರತುಪಡಿಸಿದ ವರಮಾನದ ಮೇಲಿನ ತೆರಿಗೆಯನ್ನು ಕೇಂದ್ರಕ್ಕೂ, ಕೃಷಿ ವರಮಾನದ ಮೇಲಿನ ತೆರಿಗೆಯನ್ನು ರಾಜ್ಯಗಳಿಗೂ ಹಂಚಿಕೊಟ್ಟಿರುವುದು ಸರಿಯೇ. ಆದರೆ ಕೊಡಗಿನ ಮನೆಗಳು ಬರಿಯ ತೋಟದ ಮನೆಗಳಲ್ಲ. ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರನ್ನೂ ಜನರಲ್ ತಿಮ್ಮಯ್ಯನವರನ್ನೂ ದೇಶಕ್ಕೆ ಕೊಟ್ಟ ಈ ಜಿಲ್ಲೆಯಲ್ಲಿ ಸೈನ್ಯದ ಪಿಂಚಣಿಯನ್ನು ಪಡೆಯುವ ಕುಟುಂಬಗಳು ಊರೂರಿನಲ್ಲಿಯೂ ಇರುವುವು. ಅಧ್ಯಾಪಕರಾಗಿ, ಬ್ಯಾಂಕಿನ ನೌಕರರಾಗಿ ದುಡಿದು ಮರಳಿದವರೂ ಕಡಿಮೆಯಿಲ್ಲ. ಒಂದು ಕೈಯಲ್ಲಿ ಪಿಂಚಣಿ, ಇನ್ನೊಂದು ಕೈಯಲ್ಲಿ ನಾಲ್ಕೈದು ಎಕರೆ ಕಾಫಿ ಮತ್ತು ಮೆಣಸು: ಇದೇ ಇಲ್ಲಿಯ ಮಧ್ಯಮ ವರ್ಗದ ಗೃಹಸ್ಥನ ಸ್ಥಿತಿ. ತೊಡಕು ಹುಟ್ಟುವುದು ಈ ಎರಡು ಕೈಗಳು ಕೂಡುವಲ್ಲಿ.

ಒಂದು ಉದಾಹರಣೆಯಿಂದ ವಿಷಯವು ಸ್ಪಷ್ಟವಾಗುವುದು. ಸೈನ್ಯದಿಂದ ನಿವೃತ್ತರಾದ ಐವತ್ತು ವರ್ಷ ವಯಸ್ಸಿನ ಒಬ್ಬ ಸುಬೇದಾರರನ್ನು ಊಹಿಸಿಕೊಳ್ಳೋಣ. 2025-26ರ ಆರ್ಥಿಕ ವರ್ಷದಲ್ಲಿ ಅವರ ಪಿಂಚಣಿ 4,40,000 ರೂಪಾಯಿ. ಬ್ಯಾಂಕಿನ ಠೇವಣಿಯ ಬಡ್ಡಿ 60,000 ರೂಪಾಯಿ. ಕಾಫಿ ಮತ್ತು ಮೆಣಸಿನಿಂದ ಖರ್ಚು ಕಳೆದು ಉಳಿದುದು 6 ಲಕ್ಷ ರೂಪಾಯಿ. ಪಿಂಚಣಿದಾರರಿಗೆ ಹೊಸ ಕ್ರಮದಲ್ಲಿ ದೊರೆಯುವ 75,000 ರೂಪಾಯಿಗಳ ವಜಾ ಕಳೆದರೆ ತೆರಿಗೆಗೆ ಒಳಪಡತಕ್ಕ ವರಮಾನ 4,25,000 ರೂಪಾಯಿ. ಕಾಫಿಯ ವರಮಾನಕ್ಕೆ ತೆರಿಗೆಯಿಲ್ಲವಾದರೂ, ಉಳಿದ ವರಮಾನಕ್ಕೆ ಯಾವ ದರವೆಂದು ನಿರ್ಣಯಿಸುವುದಕ್ಕಾಗಿ ಅದನ್ನು ಲೆಕ್ಕದಲ್ಲಿ ಕೂಡಿಸಲೇಬೇಕು. 1972ರಲ್ಲಿ ಕೆ. ಎನ್. ರಾಜ್ ಸಮಿತಿಯು ಸೂಚಿಸಿ, 1973ರ ಹಣಕಾಸಿನ ಕಾಯಿದೆಯಿಂದ ಜಾರಿಗೆ ಬಂದ ಏರ್ಪಾಡು ಇದು. ಹೀಗೆ ಕೂಡಿಸಿ ಕಳೆದರೆ ಇವರ ಮೇಲೆ 2,500 ರೂಪಾಯಿ ತೆರಿಗೆ ಬೀಳುವುದು. ಒಡನೆಯೇ, 12 ಲಕ್ಷದೊಳಗಿನ ವರಮಾನಕ್ಕೆ ಕೊಡಲ್ಪಟ್ಟಿರುವ ರಿಯಾಯಿತಿಯಿಂದ ಅದು ಸೊನ್ನೆಯಾಗುವುದು. ಅಂದರೆ ಸುಬೇದಾರರು ಒಂದು ಕಾಸನ್ನೂ ಕೊಡಬೇಕಾದುದಿಲ್ಲ. ಅಷ್ಟೇ ಅಲ್ಲ, ಬಡ್ಡಿಯ ಮೇಲೆ ಬ್ಯಾಂಕು ನೂರಕ್ಕೆ 10ರಂತೆ ಮುಂಗಡವಾಗಿ ಮುರಿದುಕೊಂಡಿರುವ 6,000 ರೂಪಾಯಿಗಳನ್ನು ಸರಕಾರವೇ ಅವರಿಗೆ ಹಿಂದಿರುಗಿಸಬೇಕು.

ಆದರೆ “12 ಲಕ್ಷದವರೆಗೆ ತೆರಿಗೆಯಿಲ್ಲವಂತೆ” ಎಂಬ ಪತ್ರಿಕೆಯ ಶಿರೋಲೇಖವನ್ನು ಓದಿ ಸುಬೇದಾರರು ಸುಮ್ಮನೆ ಕುಳಿತರೆಂದು ಭಾವಿಸೋಣ. ತೆರಿಗೆಯಿಲ್ಲವೆಂಬುದು ಬೇರೆ, ರಿಟರ್ನು ಬೇಡವೆಂಬುದು ಬೇರೆ. ಈ ಕ್ರಮದಲ್ಲಿ ವರಮಾನವು 4 ಲಕ್ಷವನ್ನು ಮೀರಿದವರೆಲ್ಲರೂ ರಿಟರ್ನನ್ನು ಕೊಡಲೇಬೇಕು. ಗಡುವಿನೊಳಗೆ ಕೊಡದಿದ್ದರೆ, 5 ಲಕ್ಷದೊಳಗಿನವರಿಗೆ 1,000 ರೂಪಾಯಿ, ಅದನ್ನು ಮೀರಿದವರಿಗೆ 5,000 ರೂಪಾಯಿ ವಿಳಂಬ ಶುಲ್ಕ. ಡಿಸೆಂಬರ್ 31 ಕಳೆದ ಮೇಲೆ ಸಲ್ಲಿಸಬಹುದಾದ ನವೀಕೃತ ಪಟ್ಟಿಯಲ್ಲಿ ಹಣವನ್ನು ಹಿಂದಕ್ಕೆ ಕೇಳುವ ಅವಕಾಶವನ್ನೇ 1961ರ ಕಾಯಿದೆ ಇಟ್ಟಿಲ್ಲ. ಸರಕಾರಕ್ಕೆ ಏನೂ ಸಲ್ಲಿಸಬೇಕಾಗಿಲ್ಲದ ಪ್ರಜೆಯು ತನ್ನದೇ 6,000 ರೂಪಾಯಿಯನ್ನು ಕಳೆದುಕೊಳ್ಳುವನು. ಮೇಲೆ ನೋಟೀಸನ್ನೂ ಪಡೆಯುವನು. ಇದು ಅಪರಾಧಕ್ಕೆ ದಂಡವಲ್ಲ, ಅಜ್ಞಾನಕ್ಕೆ ದಂಡ.

ಇನ್ನು ಅವರು ರಿಟರ್ನು ಕೊಡಲು ಹೊರಟರೆ ಆಗುವುದೇನು? ಸಂಬಳಗಾರರಿಗೂ ಪಿಂಚಣಿದಾರರಿಗೂ ಸುಲಭವಾಗಲೆಂದು ಸರಕಾರವು ‘ಸಹಜ’ ಎಂಬ ಹೆಸರಿನ ಒಂದು ಸಣ್ಣ ನಮೂನೆಯನ್ನು ರಚಿಸಿದೆ. ಹೆಸರೇನೋ ಚೆನ್ನಾಗಿದೆ. ಆದರೆ 5,000 ರೂಪಾಯಿಗಿಂತ ಹೆಚ್ಚು ಕೃಷಿ ವರಮಾನವುಳ್ಳವರು ಆ ನಮೂನೆಯನ್ನು ಉಪಯೋಗಿಸಕೂಡದು. ಸಣ್ಣ ವ್ಯಾಪಾರಿಗಳಿಗಾಗಿ ಮಾಡಿದ ‘ಸುಗಮ’ಕ್ಕೂ ಇದೇ ನಿರ್ಬಂಧವುಂಟು. ಎಂದರೆ, ನಾಲ್ಕು ಮೂಟೆ ಕಾಫಿಯನ್ನು ಮಾರಿದ ಕೊಡಗಿನ ಪಿಂಚಣಿದಾರನಿಗೆ ಸಹಜವೂ ಇಲ್ಲ, ಸುಗಮವೂ ಇಲ್ಲ! ಅವನು ಎರಡನೆಯ ಅಥವಾ ಮೂರನೆಯ ನಮೂನೆಗಳ ಅರಣ್ಯವನ್ನೇ ಹೊಗಬೇಕು. ಕೃಷಿ ವರಮಾನವು 5 ಲಕ್ಷವನ್ನು ಮೀರಿತೆಂದರೆ ಜಮೀನು ಯಾವ ಜಿಲ್ಲೆಯದು, ಪಿನ್ ಕೋಡ್ ಯಾವುದು, ಎಷ್ಟು ಎಕರೆ, ಸ್ವಂತವೋ ಗೇಣಿಯೋ, ನೀರಾವರಿಯೋ ಮಳೆಯಾಶ್ರಯವೋ ಎಂಬೆಲ್ಲ ಪ್ರಶ್ನೆಗಳಿಗೂ ಉತ್ತರ ಕೊಡಬೇಕು. ಬೆಂಗಳೂರಿನ ಬಾಡಿಗೆ ಮನೆಯಲ್ಲಿರುವ, ಹತ್ತರಷ್ಟು ಸಂಬಳದ ನೌಕರನು ಅರ್ಧ ಗಂಟೆಯಲ್ಲಿ ಮುಗಿಸುವ ಕೆಲಸವು ಅಮ್ಮತ್ತಿಯ ಅಥವಾ ಸಿದ್ದಾಪುರದ ಸಣ್ಣ ಬೆಳೆಗಾರನಿಗೆ ಒಂದು ವಾರದ ಚಿಂತೆಯಾಗುವುದು. ವರಮಾನ ಚಿಕ್ಕದು, ನಮೂನೆ ದೊಡ್ಡದು.

ಇಷ್ಟರಿಂದಲೇ ತೊಡಕು ಮುಗಿಯಿತೆಂದು ತಿಳಿಯಬೇಡಿರಿ. ಹಣ್ಣನ್ನು ಪಲ್ಪ್ ಮಾಡಿ ಒಣಗಿಸಿ ಪಾರ್ಚ್‌ಮೆಂಟಾಗಿಯೋ, ಇಡಿಯಾಗಿ ಒಣಗಿಸಿ ಚೆರ್ರಿಯಾಗಿಯೋ ಮಾರಿದರೆ ಬಂದುದೆಲ್ಲವೂ ಕೃಷಿಯ ವರಮಾನ. ಆದರೆ ಬೆಳೆಗಾರನೇ ಅದನ್ನು ಸಂಸ್ಕರಣೆ ಮಾಡಿಸಿ ಬೀಜವಾಗಿ ಮಾರಿದರೆ, 1962ರ ನಿಯಮಾವಳಿಯ 7-ಬಿ ನಿಯಮದ ಪ್ರಕಾರ, ವರಮಾನದಲ್ಲಿ ನೂರಕ್ಕೆ 25 ಪಾಲು ವ್ಯಾಪಾರದ್ದೆಂದು ಎಣಿಸಲ್ಪಟ್ಟಿತು; ಹುರಿದು ಪುಡಿಮಾಡಿ ಮಾರಿದರೆ ನೂರಕ್ಕೆ 40. ತೋಟದ ಮನೆಯಲ್ಲಿ ಅತಿಥಿಗಳನ್ನು ಇರಿಸಿಕೊಂಡು ಪಡೆಯುವ ಹೋಂಸ್ಟೇಯ ಹಣವು ತೋಟದೊಳಗೆ ಹುಟ್ಟಿದರೂ ಕೃಷಿಯದಲ್ಲ. ಮರದ ಮಾತೋ ಇನ್ನೂ ಸೂಕ್ಷ್ಮ. ನೆಟ್ಟು ಬೆಳೆಸಿದ ಮರಕ್ಕೂ ತಾನಾಗಿ ಹುಟ್ಟಿದ ಮರಕ್ಕೂ ಕಾನೂನಿನಲ್ಲಿ ಭೇದವುಂಟು; ನೆಲದ ಮೇಲೆ ಮನುಷ್ಯನ ಶ್ರಮವು ಬಿದ್ದಿದ್ದರೆ ಮಾತ್ರ ಅದು ಕೃಷಿಯೆಂದು ಸುಪ್ರೀಂ ಕೋರ್ಟು 1957ರಲ್ಲಿ ರಾಜಾ ಬಿನೋಯ್ ಕುಮಾರ್ ಸಹಸ್ ರಾಯ್ ಅವರ ಮೊಕದ್ದಮೆಯಲ್ಲಿ ತೀರ್ಮಾನಿಸಿತು. ಕಾಫಿಯ ನೆರಳಿಗೆ ಸಾಲಾಗಿ ನೆಟ್ಟ ಸಿಲ್ವರ್ ಓಕಿಗೂ ಬಾಣೆಯಲ್ಲಿ ತಾನೇ ಬೆಳೆದ ಕಾಡುಮರಕ್ಕೂ ಇರುವ ಅಂತರವನ್ನು ಕೊಡಗಿನ ಮಗುವೂ ಬಲ್ಲದು. ಅದು ತೆರಿಗೆಯ ಅಂತರವೂ ಹೌದೆಂಬುದನ್ನು ಹಿರಿಯರೂ ಅರಿಯರು.

ಸೈನಿಕರ ಕುಟುಂಬಗಳ ವಿಷಯದಲ್ಲಿ ಈ ಅಜ್ಞಾನವು ನಿಜವಾಗಿ ಶೋಚನೀಯವಾಗಿದೆ. ಯುದ್ಧಕಾರ್ಯದಲ್ಲಿ ಮಡಿದ ಸೈನಿಕನ ಪತ್ನಿಗೆ ಬರುವ ಕುಟುಂಬ ಪಿಂಚಣಿಗೆ ತೆರಿಗೆಯೇ ಇಲ್ಲ. ಪರಮವೀರ, ಮಹಾವೀರ, ವೀರ ಚಕ್ರಗಳನ್ನು ಪಡೆದವರ ಪಿಂಚಣಿಗೂ ಇಲ್ಲ. ಉಳಿದ ವಿಧವೆಯರು ಪಡೆಯುವ ಕುಟುಂಬ ಪಿಂಚಣಿಯನ್ನು ‘ಸಂಬಳ’ದ ಕಲಮಿನಲ್ಲಿ ತೋರಿಸಕೂಡದು, ‘ಇತರ ಮೂಲಗಳು’ ಎಂಬಲ್ಲಿ ತೋರಿಸಿ, ಅದಕ್ಕೆ ಬೇರೆಯಾಗಿ ವಿಧಿಸಿರುವ ವಜಾವನ್ನು ಪಡೆಯಬೇಕು. ಸೇವೆಯಲ್ಲಿ ಅಂಗವೈಕಲ್ಯವುಂಟಾಗಿ ಸೈನ್ಯದಿಂದ ಬಿಡುಗಡೆಯಾದವರ ಅಂಗವೈಕಲ್ಯ ಪಿಂಚಣಿಗೆ ವಿನಾಯಿತಿಯುಂಟೆಂದೂ, ಅವಧಿ ಮುಗಿಸಿ ನಿವೃತ್ತರಾದವರಿಗೆ ಅದು ಸಲ್ಲದೆಂದೂ ಕೇಂದ್ರ ನೇರ ತೆರಿಗೆ ಮಂಡಲಿಯು 2019 ಜೂನ್ 24ರ ಸುತ್ತೋಲೆಯಲ್ಲಿ ಹೇಳಿತು. 2021ರಲ್ಲಿ ಪ್ರಾರಂಭವಾದ ‘ಸ್ಪರ್ಶ್’ ವ್ಯವಸ್ಥೆಗೆ ಸೇರಿದವರ 16ನೆಯ ನಮೂನೆಯು ಬ್ಯಾಂಕಿನ ಮ್ಯಾನೇಜರರ ಮೇಜಿನ ಮೇಲೆ ದೊರೆಯುವುದಿಲ್ಲ. ಅಂತರ್ಜಾಲದಿಂದ ತಾವೇ ಇಳಿಸಿಕೊಳ್ಳಬೇಕು. ಗಂಡನು ಬದುಕಿರುವವರೆಗೆ ಕಾಗದಪತ್ರಗಳನ್ನು ಮುಟ್ಟದಿದ್ದ ಒಬ್ಬ ವೃದ್ಧೆಯು ಇದನ್ನೆಲ್ಲ ಎಲ್ಲಿ ಕಲಿಯಬೇಕು? 75 ವರ್ಷ ದಾಟಿದವರಿಗೆ 2021ರಿಂದ ರಿಟರ್ನಿನಿಂದಲೇ ಬಿಡುಗಡೆ ಕೊಟ್ಟಿದೆಯಲ್ಲವೇ ಎನ್ನಬಹುದು. ಅದು ಪಿಂಚಣಿಯೂ ಅದೇ ಬ್ಯಾಂಕಿನ ಬಡ್ಡಿಯೂ ಹೊರತು ಬೇರೆ ವರಮಾನವಿಲ್ಲದವರಿಗೆ ಮಾತ್ರ. ತೋಟವುಳ್ಳವರಿಗೆ ಆ ಬಾಗಿಲೂ ಸುಲಭವಾಗಿ ತೆರೆಯದು.

ಇವೆಲ್ಲವನ್ನೂ ಸರಕಾರದವರು ಅರಿಯದವರಲ್ಲ. 2006ರಲ್ಲಿ ಅವರು ವರಮಾನ ತೆರಿಗೆಯ ಕಾಯಿದೆಗೆ 139-ಬಿ ಎಂಬ ಕಲಮನ್ನು ಸೇರಿಸಿ, ಪದವೀಧರರಾದ ತರುಣರಿಗೆ ಶಿಕ್ಷಣವನ್ನಿತ್ತು, ಸಣ್ಣ ತೆರಿಗೆದಾರರ ರಿಟರ್ನುಗಳನ್ನು ಸಿದ್ಧಪಡಿಸುವ ಕೆಲಸಕ್ಕೆ ಅವರನ್ನು ನಿಯೋಜಿಸುವ ಯೋಜನೆಯೊಂದನ್ನು ತಂದರು. ಉದ್ದೇಶವು ಸ್ತುತ್ಯವಾದುದೇ. ಆದರೆ ಆ ತರುಣರಿಗೆ ಗೊತ್ತುಮಾಡಿದ ಪ್ರತಿಫಲವನ್ನು ನೋಡಿರಿ. ತೆರಿಗೆದಾರನು ಕಟ್ಟಿದ ತೆರಿಗೆಯ ಮೇಲೆ ಮೊದಲ ವರ್ಷ ನೂರಕ್ಕೆ 3, ಎರಡನೆಯ ವರ್ಷ 2, ಮೂರನೆಯ ವರ್ಷ 1. ಹೆಚ್ಚೆಂದರೆ 1,000 ರೂಪಾಯಿ. ಅದು ಸಾಲದೆ ಬಂದಲ್ಲಿ ತೆರಿಗೆದಾರನಿಂದ ಪಡೆಯಬಹುದಾದ ಶುಲ್ಕದ ಮೇರೆ 250 ರೂಪಾಯಿ. ನಮ್ಮ ಸುಬೇದಾರರು ಕಟ್ಟಬೇಕಾದ ತೆರಿಗೆ ಸೊನ್ನೆ. ಸೊನ್ನೆಗೆ ನೂರಕ್ಕೆ ಮೂರರಂತೆ ಎಷ್ಟಾಯಿತು? ತೆರಿಗೆಯಿಲ್ಲದಿದ್ದರೂ ರಿಟರ್ನು ಕೊಡಲೇಬೇಕಾದವನಿಗೂ, ಸರಕಾರದಿಂದ ಹಣ ಹಿಂದಕ್ಕೆ ಬರಬೇಕಾದವನಿಗೂ ಎಲ್ಲರಿಗಿಂತ ಹೆಚ್ಚಿನ ಸಹಾಯ ಬೇಕು. ತೆರಿಗೆಯ ಮೇಲೆ ಕಮಿಷನ್ನನ್ನು ಪಡೆಯುವವನಿಗೆ ಅವರಿಬ್ಬರಿಂದಲೂ ಲಾಭವಿಲ್ಲ. ಮಳೆಯಲ್ಲಿ ನಾಲ್ಕು ಗಂಟೆ ಕುಳಿತು ಎರಡನೆಯ ನಮೂನೆಯನ್ನು ತುಂಬಿಕೊಡಲು 250 ರೂಪಾಯಿಗೆ ಯಾವ ತರುಣನು ಬಂದಾನು? ಯೋಜನೆಯು ಜನರ ಮನೆಬಾಗಿಲಿಗೆ ಮುಟ್ಟದಿದ್ದುದಕ್ಕೆ ಬೇರೆ ಕಾರಣವನ್ನು ಹುಡುಕಬೇಕಾದುದಿಲ್ಲ.

ಪ್ರತಿಫಲವನ್ನು ಇನ್ನೊಂದು ತುದಿಯಿಂದ ಕಟ್ಟಿದರೆ ಆಗುವ ಅನಾಹುತವನ್ನು 2025ರಲ್ಲಿ ದೇಶವು ಕಂಡಿತು. ಹಿಂದಕ್ಕೆ ಬರುವ ಹಣದಲ್ಲಿ ಪಾಲನ್ನು ಗೊತ್ತುಮಾಡಿಕೊಂಡು, ಕೊಡದ ದಾನ, ಕಟ್ಟದ ವಿಮೆ, ಇಲ್ಲದ ಬಾಡಿಗೆ ಮೊದಲಾದುವುಗಳನ್ನು ಬರೆದು ರಿಟರ್ನುಗಳನ್ನು ಸಲ್ಲಿಸುತ್ತಿದ್ದ ಮಧ್ಯವರ್ತಿಗಳ ಮೇಲೆ ಆ ವರ್ಷ ಜುಲೈ 14ರಂದು ವರಮಾನ ತೆರಿಗೆ ಇಲಾಖೆಯವರು 150 ಸ್ಥಳಗಳಲ್ಲಿ ತನಿಖೆಗೆ ತೊಡಗಿದರು. ಅದಕ್ಕೆ ಮುಂಚಿನ ನಾಲ್ಕು ತಿಂಗಳಲ್ಲಿ ಸುಮಾರು 40,000 ತೆರಿಗೆದಾರರು ತಾವಾಗಿಯೇ 1,045 ಕೋಟಿ ರೂಪಾಯಿಗಳ ಸುಳ್ಳು ಬೇಡಿಕೆಗಳನ್ನು ಹಿಂತೆಗೆದುಕೊಂಡರೆಂದು ಇಲಾಖೆಯು ಪ್ರಕಟಿಸಿತು. ಇಂತಹ ಮಧ್ಯವರ್ತಿಯು ತನ್ನ ಪಾಲನ್ನು ಪಡೆದು ಮರೆಯಾಗುವನು. ರಿಟರ್ನಿನಲ್ಲಿರುವುದು ತೆರಿಗೆದಾರನ ಹೆಸರು. ವರಮಾನವನ್ನು ತಪ್ಪಾಗಿ ತೋರಿಸಿದುದು ಸಿದ್ಧವಾದರೆ ಮರೆಯಾದ ತೆರಿಗೆಯ ಎರಡರಷ್ಟು ದಂಡವನ್ನು ತೆರುವವನೂ ಅವನೇ. ಸೈನ್ಯದಲ್ಲಿ ಮೂವತ್ತು ವರ್ಷ ನಿಷ್ಕಳಂಕವಾಗಿ ದುಡಿದವನು, ಯಾರೋ ಬರೆದ ಸುಳ್ಳಿಗೆ ತನ್ನ ಹೆಸರನ್ನು ಕೊಟ್ಟು ಮುಪ್ಪಿನಲ್ಲಿ ತಲೆತಗ್ಗಿಸುವಂತಾಗುವುದಕ್ಕಿಂತ ದೊಡ್ಡ ನಷ್ಟ ಯಾವುದು?

ಇಲ್ಲಿಯೇ ನಮ್ಮ ಅಭಿಪ್ರಾಯದ ತಿರುಳಿದೆ. ತೆರಿಗೆಯ ಮೇಲೆ ಕಮಿಷನ್ ಕೊಟ್ಟರೆ ಸಹಾಯಕನು ಬಡವನ ಹತ್ತಿರ ಸುಳಿಯನು. ಹಿಂದಕ್ಕೆ ಬರುವ ಹಣದ ಮೇಲೆ ಕಮಿಷನ್ ಕೊಟ್ಟರೆ ಸುಳ್ಳು ಹೇಳುವನು. ಸಣ್ಣ ತೆರಿಗೆದಾರನಿಗೆ ಸಲ್ಲತಕ್ಕುದು ಪ್ರತಿಫಲದ ಆಶೆಯಿಲ್ಲದ ಸೇವೆಯೊಂದೇ.

ಇದು ಕೇವಲ ಆದರ್ಶದ ಮಾತಲ್ಲ. ಅಮೆರಿಕದಲ್ಲಿ 1970ರ ಸುಮಾರಿನಿಂದಲೂ ಸ್ವಯಂಸೇವಕರು ಸಣ್ಣ ವರಮಾನದವರಿಗೂ, ಅಂಗವಿಕಲರಿಗೂ, ಇಂಗ್ಲಿಷು ಚೆನ್ನಾಗಿ ಬಾರದವರಿಗೂ ಧರ್ಮಾರ್ಥವಾಗಿ ರಿಟರ್ನನ್ನು ಸಿದ್ಧಪಡಿಸಿ ಕೊಡುತ್ತಿರುವರು. ಕಾಲೇಜುಗಳಲ್ಲಿಯೂ ವಾಚನಾಲಯಗಳಲ್ಲಿಯೂ ಈ ಕೇಂದ್ರಗಳು ನಡೆಯುವುವು. ತೆರಿಗೆ ಇಲಾಖೆಯೇ ಸ್ವಯಂಸೇವಕರಿಗೆ ಪಾಠ ಹೇಳಿ, ಪರೀಕ್ಷೆಯಿಟ್ಟು, ತೇರ್ಗಡೆಯಾದವರನ್ನು ಮಾತ್ರ ಮೇಜಿನ ಮುಂದೆ ಕುಳ್ಳಿರಿಸುವುದು. ಒಬ್ಬನು ಬರೆದುದನ್ನು ಇನ್ನೊಬ್ಬನು ನೋಡಿ ಒಪ್ಪದೆ ಯಾವ ರಿಟರ್ನೂ ಹೊರಗೆ ಹೋಗದು. ತಮ್ಮ ಶಕ್ತಿಗೆ ಮೀರಿದ ಲೆಕ್ಕವನ್ನು ಅವರು ಮುಟ್ಟುವುದೇ ಇಲ್ಲ. ಕೆನಡಾದಲ್ಲಿಯೂ 1971ರಿಂದ ಇಂತಹ ಏರ್ಪಾಡುಂಟು. ಪರದೇಶದವರು ಮಾಡಿದರೆಂದು ನಾವೂ ಮಾಡಬೇಕೆಂದಲ್ಲ. ಸಾಧ್ಯವೆಂಬುದಕ್ಕೆ ಅದು ಸಾಕ್ಷಿ. ನಮ್ಮ ದೇಶದಲ್ಲಿಯೇ ಬಡವನಿಗೆ ನ್ಯಾಯಾಲಯದಲ್ಲಿ ಉಚಿತ ನೆರವನ್ನು ಕೊಡತಕ್ಕುದೆಂದು ರಾಜ್ಯಾಂಗದ 39-ಎ ವಿಧಿಯು ಹೇಳುವುದು. ಅದಕ್ಕಾಗಿ 1987ರಲ್ಲಿ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯು ಹುಟ್ಟಿತು. ಮೊಕದ್ದಮೆ ಬಿದ್ದ ಮೇಲೆ ಕೊಡುವ ನೆರವನ್ನು ಮೊಕದ್ದಮೆ ಬೀಳದಂತೆ ಮುಂಚಿತವಾಗಿಯೇ ಕೊಟ್ಟರೆ ತಪ್ಪೇನು?

ವಿರಾಜಪೇಟೆಗೆ ಈ ಕೆಲಸವು ಅಸಾಧ್ಯವಾದುದಲ್ಲ. ದೊಡ್ಡ ವೀರರಾಜೇಂದ್ರನು 1792ರಲ್ಲಿ ಕಟ್ಟಿಸಿದ ಈ ಪೇಟೆಯು ಅಂದಿನಿಂದಲೂ ದಕ್ಷಿಣ ಕೊಡಗಿನ ವ್ಯಾಪಾರದ ಬಾಗಿಲು. ಸಹಕಾರದ ಬಲವೆಷ್ಟೆಂಬುದನ್ನು ಈ ಸೀಮೆಗೆ ನಾವು ಹೇಳಿಕೊಡಬೇಕಾದುದಿಲ್ಲ. ಜೇನು ಮತ್ತು ಮೇಣದ ಉತ್ಪಾದಕರು ವಿರಾಜಪೇಟೆಯಲ್ಲಿಯೂ, ಕಿತ್ತಳೆಯ ಬೆಳೆಗಾರರು ಗೋಣಿಕೊಪ್ಪದಲ್ಲಿಯೂ ಸಂಘಗಳನ್ನು ಕಟ್ಟಿ, ದಲ್ಲಾಳಿಯ ಕೈಯಿಂದ ಬಿಡಿಸಿಕೊಂಡ ಕಥೆಯು ಕೊಡಗಿನ ಚರಿತ್ರೆಯ ಭಾಗವೇ ಆಗಿದೆ. ಇಂದು ಪೇಟೆಯ ಕಾಲೇಜುಗಳಲ್ಲಿ ವಾಣಿಜ್ಯಶಾಸ್ತ್ರವನ್ನು ಓದುತ್ತಿರುವ ವಿದ್ಯಾರ್ಥಿಗಳಿದ್ದಾರೆ. ಅವರು ಪರೀಕ್ಷೆಗಾಗಿ ಕಲಿಯುವ ವರಮಾನ ತೆರಿಗೆಯ ಪಾಠವೇ ಇಲ್ಲಿ ಕೆಲಸಕ್ಕೆ ಬರತಕ್ಕುದು. 1969ರಲ್ಲಿ ಪ್ರಾರಂಭವಾದ ರಾಷ್ಟ್ರೀಯ ಸೇವಾ ಯೋಜನೆಯ ತರುಣರು ರಸ್ತೆ ಗುಡಿಸುವಂತೆಯೇ ಲೆಕ್ಕವನ್ನೂ ಬರೆದುಕೊಡಬಹುದು. ನಿವೃತ್ತರಾದ ಬ್ಯಾಂಕಿನ ನೌಕರರಿದ್ದಾರೆ. ಸೈನ್ಯದಲ್ಲಿ ಗುಮಾಸ್ತರಾಗಿ ದುಡಿದು, ಪಿಂಚಣಿಯ ಕಾಗದಗಳ ಒಳಹೊರಗನ್ನೆಲ್ಲ ಬಲ್ಲವರಿದ್ದಾರೆ. ವಾರಕ್ಕೆ ಒಂದು ಅಪರಾಹ್ನವನ್ನು ಕೊಡುವ ಒಬ್ಬ ಆಡಿಟರು ಇವರಿಗೆ ಗುರುವಾಗಿ ದೊರೆತರೆ ಸಾಕು. ಜೂನ್ 15ರಿಂದ ಜುಲೈ ಕೊನೆಯವರೆಗೆ, ಜನರು ಹೇಗೂ ಪೇಟೆಗೆ ಬರುವ ಸಂತೆಯ ದಿನ, ಯಾವುದಾದರೂ ಶಾಲೆಯ ಎರಡು ಕೋಣೆಗಳಲ್ಲಿ ಕುಳಿತು ಕೆಲಸವನ್ನು ನಡೆಸಬಹುದು. ಕನ್ನಡದಲ್ಲಿಯೂ ಕೊಡವ ತಕ್ಕಿನಲ್ಲಿಯೂ ಪ್ರಶ್ನೆ ಕೇಳಿ ತಿಳಿಯಹೇಳುವವರು ಸಿಕ್ಕಿದರೆ ಅರ್ಧ ಭಯವು ಅಲ್ಲಿಯೇ ಹೋಗುವುದು.

ಆದರೆ ಸದುದ್ದೇಶವೊಂದೇ ಸಾಲದು. ಕಟ್ಟುನಿಟ್ಟಾದ ನಿಯಮಗಳಿಲ್ಲದ ಸೇವೆಯು ಅಪಾಯಕ್ಕೆ ಎಡೆಗೊಡುವುದು. ಮೊದಲನೆಯದಾಗಿ, ಹಣವನ್ನಾಗಲಿ ಉಡುಗೊರೆಯನ್ನಾಗಲಿ ಸ್ವೀಕರಿಸಕೂಡದು. ಎರಡನೆಯದಾಗಿ, ತೆರಿಗೆದಾರನ ಗುಪ್ತಪದವನ್ನು ಸ್ವಯಂಸೇವಕನು ಬರೆದಿಟ್ಟುಕೊಳ್ಳಬಾರದು. ಮೊಬೈಲಿಗೆ ಬರುವ ಒ.ಟಿ.ಪಿ.ಯನ್ನು ತೆರಿಗೆದಾರನೇ ಒತ್ತಬೇಕು. ಅವನ ಹೆಸರಿನೆದುರು ಬೇರೊಬ್ಬರ ಮೊಬೈಲ್ ಸಂಖ್ಯೆಯನ್ನಾಗಲಿ ಇ-ಮೇಲ್ ವಿಳಾಸವನ್ನಾಗಲಿ ಸೇರಿಸಲೇಬಾರದು. ಮೂರನೆಯದಾಗಿ, ಬ್ಯಾಂಕು ಮುರಿದುಕೊಂಡ ಹಣದ ವಿವರವನ್ನು 26-ಎ.ಎಸ್. ಪಟ್ಟಿಯೊಡನೆಯೂ, 2021ರಿಂದ ದೊರೆಯುತ್ತಿರುವ ವಾರ್ಷಿಕ ಮಾಹಿತಿ ಪಟ್ಟಿಯೊಡನೆಯೂ ತಾಳೆನೋಡದೆ ಒಂದು ಅಂಕಿಯನ್ನೂ ಬರೆಯಬಾರದು. ನಾಲ್ಕನೆಯದಾಗಿ, ಎರಡನೆಯವರು ಪರೀಕ್ಷಿಸಿ ಒಪ್ಪಬೇಕು. ಆಮೇಲೆ ತೆರಿಗೆದಾರನಿಗೆ ಓದಿ ಹೇಳಬೇಕು. ಐದನೆಯದಾಗಿ, ಸಲ್ಲಿಸಿದ 30 ದಿನಗಳೊಳಗೆ ರಿಟರ್ನನ್ನು ದೃಢೀಕರಿಸದಿದ್ದರೆ ಅದು ವ್ಯರ್ಥವಾಗುವುದರಿಂದ, ತೆರಿಗೆದಾರನು ಕುರ್ಚಿಯಿಂದ ಏಳುವ ಮೊದಲೇ ಅದನ್ನು ಮುಗಿಸಬೇಕು. ಕೊನೆಯದಾಗಿ, ಜಮೀನಿನ ಕ್ರಯದ ಲಾಭ, ಸಂಸ್ಕರಿಸಿದ ಕಾಫಿಯ ವ್ಯಾಪಾರ, ಪಾಲುದಾರಿಕೆ, ನೋಟೀಸಿಗೆ ಉತ್ತರ ಮೊದಲಾದ ತೊಡಕಿನ ವಿಷಯಗಳನ್ನು ಕೈಗೆತ್ತಿಕೊಳ್ಳದೆ, “ಇದಕ್ಕೆ ಆಡಿಟರನ್ನು ಕಾಣಿರಿ” ಎಂದು ವಿನಯದಿಂದ ಹೇಳಿ ಕಳುಹಬೇಕು. ಯಾವುದು ತನಗೆ ತಿಳಿಯದೆಂಬುದನ್ನು ತಿಳಿದಿರುವುದೇ ಸ್ವಯಂಸೇವಕನ ಮೊದಲ ಯೋಗ್ಯತೆ.

ಇದಕ್ಕೆ ಆಕ್ಷೇಪಣೆಗಳು ಬಾರದೆ ಇರವು. ಆಡಿಟರುಗಳ ಜೀವನೋಪಾಯಕ್ಕೆ ಇದರಿಂದ ಧಕ್ಕೆಯೆಂದು ಕೆಲವರು ಹೇಳಬಹುದು. 6,000 ರೂಪಾಯಿ ಹಿಂದಕ್ಕೆ ಪಡೆಯಲು ಬಂದವನಿಂದ ಯಾವ ಆಡಿಟರೂ ಧನಿಕನಾಗಲಾರನು. ಇಂತಹವರ ಗದ್ದಲವು ತಗ್ಗಿದರೆ ಅವರಿಗೆ ತಮ್ಮ ನಿಜವಾದ ಕೆಲಸಕ್ಕೆ ಬಿಡುವಾಗುವುದು. ಎಲ್ಲವೂ ಅಂತರ್ಜಾಲದಲ್ಲಿ ಉಚಿತವಾಗಿಯೇ ಇದೆ, ಅಂಕಿಗಳನ್ನೂ ಇಲಾಖೆಯೇ ಮೊದಲೇ ತುಂಬಿರುವುದು ಎಂದು ಅಧಿಕಾರಿಗಳು ಹೇಳಬಹುದು. ಇಲಾಖೆಯು ತುಂಬುವುದು ಬ್ಯಾಂಕೂ ಪಿಂಚಣಿಯ ಕಛೇರಿಯೂ ತಿಳಿಸಿದ ಅಂಕಿಗಳನ್ನು. ಕಾಫಿಯ ಲೆಕ್ಕವನ್ನು ತುಂಬಬೇಕಾದವನು ಬೆಳೆಗಾರನೇ. ತೋಟದೊಡೆಯರಿಗೆ ಧರ್ಮಾರ್ಥ ಸೇವೆಯೇಕೆ ಎಂದೂ ಕೇಳಬಹುದು. ಕಾಫಿ ಮಂಡಲಿಯು 10 ಹೆಕ್ಟೇರಿನ ಒಳಗಿನವರನ್ನು ಸಣ್ಣ ಬೆಳೆಗಾರರೆಂದು ಎಣಿಸುವುದು. ಸೇವೆಯನ್ನು ಅದಕ್ಕಿಂತಲೂ ಕಡಿಮೆಯ ಮಿತಿಗೆ ಒಳಪಡಿಸಿ, ವಿಧವೆಯರಿಗೂ ವೃದ್ಧರಿಗೂ ಅಂಗವಿಕಲ ಸೈನಿಕರಿಗೂ ಮೊದಲ ಸ್ಥಾನವನ್ನು ಕೊಡಲಿ. ದೊಡ್ಡ ಎಸ್ಟೇಟುಗಳವರಿಗೆ ನಮ್ಮ ಅನುಕಂಪದ ಅವಶ್ಯಕತೆಯಿಲ್ಲ.

ಸರಕಾರದವರ ಕರ್ತವ್ಯವೂ ಇದರಲ್ಲಿ ಉಂಟು. 2024ರ ಜುಲೈ 31ರವರೆಗೆ ದೇಶದಲ್ಲಿ 7.28 ಕೋಟಿಗೂ ಹೆಚ್ಚು ರಿಟರ್ನುಗಳು ಸಲ್ಲಿದುವು. ದೇಶದ ಮೂಲೆಮೂಲೆಗಳ ರಿಟರ್ನುಗಳನ್ನು ನಮ್ಮ ಬೆಂಗಳೂರಿನ ಕೇಂದ್ರದಲ್ಲಿಯೇ ಪರಿಷ್ಕರಿಸುವರು. ಇಷ್ಟು ದೊಡ್ಡ ಯಂತ್ರವನ್ನು ನಡೆಸಬಲ್ಲವರಿಗೆ, ಪಿಂಚಣಿಯೂ ಸಣ್ಣ ಹಿಡುವಳಿಯೂ ಉಳ್ಳವರಿಗಾಗಿ ‘ಸಹಜ’ದ 5,000 ರೂಪಾಯಿಯ ಮಿತಿಯನ್ನು ಏರಿಸುವುದು ಕಷ್ಟವೇ? ಇಂದು ಒಂದು ಮೂಟೆ ಕಾಫಿಯ ಬೆಲೆಯೇ ಆ ಮಿತಿಯನ್ನು ದಾಟುವುದು. 2025ರ ಹೊಸ ವರಮಾನ ತೆರಿಗೆಯ ಕಾಯಿದೆಯು 2026 ಏಪ್ರಿಲ್ 1ರಿಂದ 1961ರ ಕಾಯಿದೆಯ ಸ್ಥಾನವನ್ನು ಪಡೆಯುವುದೆಂದು ಗೊತ್ತಾಯಿತು. ಅದರ ಹಿಂದಿನ ದಿನದವರೆಗಿನ ವರಮಾನಕ್ಕೆ ಹಳೆಯ ಕಾಯಿದೆ, ಮುಂದಿನದಕ್ಕೆ ಹೊಸದು. ಕಲಮುಗಳ ಸಂಖ್ಯೆಗಳೆಲ್ಲ ಬದಲಾಗುವ ಇಂತಹ ಸಂಧಿಕಾಲದಲ್ಲಿ ತಿಳಿದವರೇ ಎಡವುವುದುಂಟು, ತಿಳಿಯದವರ ಪಾಡೇನು? ಮಡಿಕೇರಿಯಲ್ಲಿರುವ ಇಲಾಖೆಯ ಅಧಿಕಾರಿಗಳು ಮೇ ತಿಂಗಳಿನಲ್ಲಿ ಎರಡು ದಿನ ಬಂದು ಸ್ವಯಂಸೇವಕರಿಗೆ ಪಾಠ ಹೇಳಲಿ. ಪರೀಕ್ಷಿಸಿ ಗುರುತಿನ ಚೀಟಿಯನ್ನು ಕೊಡಲಿ. ಸೈನಿಕರ ಪಿಂಚಣಿ, ಕಾಫಿ, ಮರ, ಹೋಂಸ್ಟೇ ಎಂಬ ನಾಲ್ಕು ವಿಷಯಗಳನ್ನು ಕುರಿತು ಸರಳವಾದ ಕನ್ನಡದಲ್ಲಿ ಒಂದು ಕಿರುಹೊತ್ತಗೆಯನ್ನು ಹಂಚಲಿ. ಇಷ್ಟಕ್ಕೆ ಹೊಸ ಕಾಯಿದೆಯೂ ಬೇಡ, ದೊಡ್ಡ ವೆಚ್ಚವೂ ಬೇಡ, ಮನಸ್ಸು ಬೇಕು.

ಕೊನೆಯದಾಗಿ ಒಂದು ಮಾತು. ಜೇಮ್ಸ್ ವಿಲ್ಸನ್ನನು 1860ರಲ್ಲಿ ಈ ತೆರಿಗೆಯನ್ನು ಭಾರತಕ್ಕೆ ತಂದಾಗ ಅದು ದಂಗೆಯನ್ನಡಗಿಸಿದ ವೆಚ್ಚಕ್ಕಾಗಿ ಪರಕೀಯರು ನಮ್ಮಿಂದ ಕಿತ್ತ ಹಣವಾಗಿತ್ತು. ತೆರಿಗೆಯೆಂದರೆ ದಾಸ್ಯದ ಗುರುತೆಂದೇ ತಿಳಿದು, 1930-32ರಲ್ಲಿ ಅಂಕೋಲೆ, ಸಿದ್ದಾಪುರ, ಹಿರೇಕೆರೂರು ತಾಲೂಕುಗಳ ರೈತರು ಕರನಿರಾಕರಣೆಯನ್ನು ಕೈಕೊಂಡು, ಹೊಲಮನೆಗಳನ್ನು ಕಳೆದುಕೊಂಡರೂ ತಲೆಬಾಗಲಿಲ್ಲ. ಆ ತ್ಯಾಗದಿಂದ ನಮಗೆ ದೊರೆತುದು ತೆರಿಗೆಯಿಲ್ಲದ ರಾಜ್ಯವಲ್ಲ. ನಮ್ಮ ಒಪ್ಪಿಗೆಯಿಂದ ನಾವೇ ತೆರುವ ತೆರಿಗೆಯ ರಾಜ್ಯ. ತಾನು ಸಹಿ ಮಾಡುವ ಪಟ್ಟಿಯಲ್ಲಿ ಏನು ಬರೆದಿದೆಯೆಂಬುದನ್ನು ಅರಿಯದವನ ಒಪ್ಪಿಗೆಯು ಒಪ್ಪಿಗೆಯೇ ಅಲ್ಲ. ಅಂದು ಲೆಕ್ಕ ಬಲ್ಲವನು ಪರಕೀಯರ ಕಛೇರಿಯ ಬಾಗಿಲಲ್ಲಿದ್ದನು. ಇಂದು ಅವನು ನೆರೆಯವನ ಪಕ್ಕದಲ್ಲಿ ಕುಳಿತರೆ ಸ್ವರಾಜ್ಯದ ಅರ್ಥವು ಒಂದು ಮೆಟ್ಟಿಲು ಕೆಳಗಿಳಿದು ಜನರ ಮನೆಯೊಳಗೆ ಬರುವುದು. ಮುಂದಿನ ಕಕ್ಕಡದ ಮಳೆ ಹಿಡಿಯುವುದಕ್ಕೆ ಮೊದಲೇ ವಿರಾಜಪೇಟೆಯ ಕಾಲೇಜುಗಳ ಅಧ್ಯಾಪಕರೂ, ನಿವೃತ್ತ ಸೈನಿಕರ ಸಂಘದವರೂ, ಆಡಿಟರುಗಳೂ ಒಂದು ದಿನ ಸಭೆ ಸೇರಿ ಈ ವಿಷಯವನ್ನು ಆಲೋಚಿಸುವರೆಂದು ನಂಬುತ್ತೇವೆ. ಇಬ್ಬರು ಸ್ವಯಂಸೇವಕರೂ ಒಂದು ಮೇಜೂ ಇದ್ದರೆ ಪ್ರಾರಂಭಕ್ಕೆ ಸಾಕು.